ವಿಡಿಯೊದಿಂದ ಫೋಟೊ ಕೀಳ್ತೇನೆ ಅನ್ನುವವರಿಗೆ

ಮಾರಾಯ್ರೆ, ಒಂದು ನಿಮಿಷ ನಿಲ್ಲಿ. "ಅನಂತ ಚತುರ್ದಶಿಯ ಗಣಪತಿ ವಿಸರ್ಜನೆಗೆ ಮುಂಬೈಯ ಗಿರ್ಗಾಂವ್ ಚೌಪಾಟಿ ಕಡಲತೀರಕ್ಕೆ ಹೋಗ್ತಿದ್ದೇನೆ, ಪೂರ್ತಿ 4ಕೆ ವಿಡಿಯೊ ಹಿಡಿದು ಬೇಕಾದ ಫೋಟೊ ಆಮೇಲೆ ಅದರಿಂದಲೇ ಕೀಳ್ತೇನೆ, ವೆಬ್‌ಸೈಟಿಗೆ ಅಷ್ಟು ಸಾಕಲ್ಲ?" ಅಂತ ನೀವು ಈ ಗುಂಪಿನಲ್ಲಿ ಕೇಳಿದ್ದಕ್ಕೆ ಮೂರು ಜನ "ಧಾರಾಳ ಸಾಕು" ಅಂದಿದ್ದಾರೆ. ಸಾಕಾಗುವುದಿಲ್ಲ. ಇದೇ ಬುದ್ಧಿವಂತಿಕೆ ಮಾಡಿ ದಾದರ್‌ನಲ್ಲಿ ಕೈ ಸುಟ್ಟುಕೊಂಡವ ನಾನು. ಹಾಗಾಗಿ ಉತ್ತರ ಉದ್ದ ಆಗ್ತದೆ, ಲೋಕಲ್ ರೈಲಿನಲ್ಲಿ ಕೂತು ಓದಿ.

ಕೆಲವು ವರ್ಷದ ಹಿಂದಿನ ದಹಿಹಂಡಿ, ಅಂದರೆ ಜನ ಒಬ್ಬರ ಮೇಲೊಬ್ಬರು ಹತ್ತಿ ಒಡೆಯುವ ಮೊಸರುಕುಡಿಕೆ. ನಮ್ಮದು ಪುಟ್ಟ ಕನ್ನಡ ಸುದ್ದಿತಾಣ: ಸಂಪಾದಕರು ಒಬ್ಬರು, ಬರೆಯುವವರು ಒಬ್ಬರು, ಮಿಕ್ಕದ್ದೆಲ್ಲ ನಾನು. ಒಂದೇ ಕ್ಯಾಮೆರಾ. ಗೋಪುರ ಏಳುವುದು ವಿಡಿಯೊದಲ್ಲಿ ಚಂದ, ಹಂಡಿ ಒಡೆಯುವ ಗಳಿಗೆ ಫೋಟೊದಲ್ಲಿ ಚಂದ, ಎರಡೂ ಬೇಕು ಅಂತ ಆಸೆ. 4ಕೆಗೆ ಹಾಕಿ ನಿಂತೆ. ಗೋಪುರದ ಏಳನೇ ಥರ (ಅಂತಸ್ತು) ಎದ್ದಿತು, ಎಂಟನೆಯದಕ್ಕೆ ಒಬ್ಬ ಪುಟ್ಟ ಹುಡುಗ ಹತ್ತಿದ, ಕೈ ಚಾಚಿದ, ಇಡೀ ಗೋಪುರ ಇಸ್ಪೀಟಿನ ಮನೆ ಹಾಗೆ ಕುಸಿಯಿತು. ದೇವರ ದಯೆ, ಹುಡುಗನಿಗೆ ದೊಡ್ಡದೇನೂ ಆಗಲಿಲ್ಲ. ರಾತ್ರಿ ಎಂಟಕ್ಕೆ ಸಂಪಾದಕರ ಫೋನು: "ಅವನ ತಲೆಗೆ ಹೆಲ್ಮೆಟ್ ಇತ್ತೋ ಇಲ್ಲವೋ? ಸೊಂಟಕ್ಕೆ ಹಗ್ಗ? ಆಯೋಜಕರು ಎರಡೂ ಇತ್ತು ಅಂತಿದ್ದಾರೆ. ಫೋಟೊ ಕಳಿಸು." ಸುದ್ದಿ ಇದ್ದದ್ದೇ ಅಲ್ಲಿ. 14 ವರ್ಷದೊಳಗಿನವರನ್ನು ಹತ್ತಿಸುವುದಿಲ್ಲ ಅಂತ 2017ರಲ್ಲಿ ಸರ್ಕಾರವೇ ಬಾಂಬೆ ಹೈಕೋರ್ಟಿಗೆ ಹೇಳಿದ್ದು ನಿಮಗೆ ಗೊತ್ತಲ್ಲ.

ಲ್ಯಾಪ್‌ಟಾಪ್ ತೆರೆದು ವಿಡಿಯೊದ ಒಂದೊಂದೇ ಫ್ರೇಮ್ (ಬಿಡಿ ಚಿತ್ರ) ಸರಿಸಿದೆ. ಹುಡುಗ ಇದ್ದಾನೆ, ಕೈ ಇದೆ, ತಲೆ ಇರಬೇಕಾದ ಕಡೆ ಗಂಜಿ ಚೆಲ್ಲಿದ ಹಾಗೆ ಒಂದು ಕಂದು ಗೀಟು. ಹೆಲ್ಮೆಟ್ಟೋ ಕೂದಲೋ ಬ್ರಹ್ಮನಿಗೂ ಗೊತ್ತಾಗಲಿಕ್ಕಿಲ್ಲ. ಎರಡು ಫ್ರೇಮ್‌ನಲ್ಲಿ ಪಕ್ಕದವರ ಫ್ಲ್ಯಾಶ್ ಬಿದ್ದು ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ. ಹೋಗಲಿ, ವಿಡಿಯೊವನ್ನಾದರೂ ಹಾಕುವ ಅಂದರೆ ಡಿಜೆ ಸ್ಪೀಕರುಗಳ ಗೋಡೆ ಎದುರಿಗೇ ನಿಂತಿದ್ದೆ, ಧ್ವನಿಯೆಲ್ಲ ಒಡೆದು ಗರಗರ. ಕೊನೆಗೆ ಎದುರಿನ ಚಾಳ್‌ನ (ವಠಾರದ) ಗ್ಯಾಲರಿಯಲ್ಲಿ ನಿಂತಿದ್ದ ಕಾಲೇಜು ಹುಡುಗ ತನ್ನ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಕೇಳಿ ಪಡೆದು ಹಾಕಿದೆವು. ಹೆಲ್ಮೆಟ್ ಇರಲಿಲ್ಲ. ಚಿತ್ರಕೃಪೆ ಅವನದ್ದು. ನನ್ನ ಕೊರಳಲ್ಲಿ ಲಕ್ಷದ ಹತ್ತಿರದ ಕ್ಯಾಮೆರಾ.

ಕಾರಣ ನಿಮಗೆ ಗೊತ್ತಿರುವುದೇ, ಆದರೂ ಯಾರೂ ಲೆಕ್ಕ ಹಾಕುವುದಿಲ್ಲ. ವಿಡಿಯೊ ಅಂದರೆ ಸೆಕೆಂಡಿಗೆ 25 ಫ್ರೇಮ್, ಒಂದೊಂದಕ್ಕೂ ಶಟರ್ ತೆರೆದಿರುವುದು 1/50 ಸೆಕೆಂಡು. ಚಲನೆ ನಯವಾಗಿ ಕಾಣಬೇಕಾದರೆ ಫ್ರೇಮ್ ಸ್ವಲ್ಪ ಮಸುಕಾಗಿರಲೇಬೇಕು, ವಿಡಿಯೊಕ್ಕೆ ಅದು ಗುಣ. ಫೋಟೊಗೆ ಅದೇ ರೋಗ. ಬೀಳುವ ಹುಡುಗನನ್ನು ನಿಲ್ಲಿಸಬೇಕಾದರೆ 1/500 ಆದರೂ ಬೇಕು, ನಾನು ಈಗ 1/1000 ಇಡ್ತೇನೆ. ಮೇಲಿಂದ 4ಕೆ ಫ್ರೇಮ್ ಅಂದರೆ 83 ಲಕ್ಷ ಪಿಕ್ಸೆಲ್, ನಿಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಮೂರರಲ್ಲಿ ಒಂದು. ಅದರಲ್ಲಿ ಕ್ರಾಪ್ ಮಾಡಿದರೆ ಎಂತ ಉಳೀತದೆ? "ಹಾಗಾದರೆ ವಿಡಿಯೊವನ್ನೇ 1/500ರಲ್ಲಿ ಹಿಡಿಯುವ" ಅಂತ ಯಾರಾದರೂ ಹೇಳುವವರಿದ್ದಾರೆ. ಹಿಡಿಯಿರಿ. ಫ್ರೇಮ್ ಚೂಪಾಗಿ ಸಿಗ್ತದೆ, ವಿಡಿಯೊ ಮಾತ್ರ ಜ್ವರ ಬಂದವರ ಹಾಗೆ ನಡುಗ್ತದೆ, ಮಂಟಪದ ಎಲ್‌ಇಡಿ ಕೆಳಗೆ ಪಟ್ಟೆ ಪಟ್ಟೆ. 8ಕೆ ಇರುವವರು 33 ಮೆಗಾಪಿಕ್ಸೆಲ್ ಸಿಗ್ತದೆ ಅಂತ ಎದೆ ಉಬ್ಬಿಸಬೇಡಿ, ಶಟರ್ ಅದೇ.

ಹಾಗಾಗಿ ಗೇಟಿನಲ್ಲೇ ತೀರ್ಮಾನ ಮಾಡಿ: ಇವತ್ತು ನಾನು ಫೋಟೊದವನೋ ವಿಡಿಯೊದವನೋ. ನಾನು ಮಾಡುವುದು ಹೀಗೆ, ನಗಬೇಡಿ. ಜಾಗಕ್ಕೆ ಹೋಗಿ ಅರ್ಧ ನಿಮಿಷ ಕಣ್ಣು ಮುಚ್ಚಿ ನಿಲ್ತೇನೆ. ಬರೀ ಕಿವಿಯಿಂದ ಅರ್ಧ ಕತೆ ಗೊತ್ತಾಯಿತೋ, ವಿಡಿಯೊ. ಕಿವಿಗೆ ಬರೀ ಗಲಾಟೆ ಸಿಕ್ಕಿತೋ, ಫೋಟೊ. ಮಾಟುಂಗದ ಸಭಾಂಗಣದಲ್ಲಿ ತಾಳಮದ್ದಳೆ ಅಂತ ಇಟ್ಟುಕೊಳ್ಳಿ. ನಾಲ್ಕು ಜನ ಸಾಲಾಗಿ ಕೂತಿರ್ತಾರೆ, ಪಂಚೆ, ಶಾಲು, ಮೈಕು. ನೂರು ಫೋಟೊ ತೆಗೆದರೂ ಸನ್ಮಾನ ಸಮಾರಂಭದ ಹಾಗೇ ಕಾಣ್ತದೆ. ಅಲ್ಲಿ ಮಾತೇ ಎಲ್ಲ, ಎರಡು ನಿಮಿಷದ ವಿಡಿಯೊ ಹಾಕಿ. ಅದೇ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವಾಗ ಕಣ್ಣು ಮುಚ್ಚಿದರೆ ಫ್ಯಾನಿನ ಸದ್ದು ಬಿಟ್ಟು ಬೇರೆ ಇಲ್ಲ, ಅಲ್ಲಿ ಫೋಟೊ. ಹಿಂದ್‌ಮಾತಾದಲ್ಲಿ ನೀರು ತುಂಬಿದರೆ? ನೀರು ನಿಂತದ್ದು ಫೋಟೊ, ನೀರು ಏರುತ್ತಿರುವುದು ವಿಡಿಯೊ. ಎಷ್ಟು ಹೊತ್ತಿನಲ್ಲಿ ಏನಾಯಿತು ಅನ್ನುವುದೇ ಸುದ್ದಿಯಾದರೆ ಫೋಟೊ ಸೋಲ್ತದೆ.

ಫೋಟೊ ಹಳೇ ಕಾಲದ್ದು, ಈಗ ಎಲ್ಲ ರೀಲ್ಸ್ ಅನ್ನುವವರಿಗೆ ನಮ್ಮೂರಿನದೇ ಉದಾಹರಣೆ. 2008ರ 26/11 ದಾಳಿಯ ರಾತ್ರಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಸಿಸಿಟಿವಿಗಳು ಓಡುತ್ತಲೇ ಇದ್ದವು, ಆ ದೃಶ್ಯ ಕೋರ್ಟಿನಲ್ಲೂ ತೋರಿಸಿದರು. ಆದರೆ ನಿಮ್ಮ ಕಣ್ಣ ಮುಂದೆ ಈಗ ಬಂದದ್ದು ಯಾವುದು? ಬೆನ್ನಿಗೆ ಚೀಲ, ಕೈಯಲ್ಲಿ ಬಂದೂಕು, ಉಗ್ರ ಕಸಬ್ ನಡೆದು ಬರುವ ಆ ಒಂದು ಫೋಟೊ. ಆಗ ಮುಂಬೈ ಮಿರರ್ ಪತ್ರಿಕೆಯಲ್ಲಿದ್ದ ಸೆಬಾಸ್ಟಿಯನ್ ಡಿಸೋಜಾ ತೆಗೆದದ್ದು. ಅವರು ಮುಂದೆ ಸಾಕ್ಷಿ ಹೇಳಲಿಕ್ಕೂ ಹೋದರು. ಸಿಸಿಟಿವಿಯದ್ದು ನಿಮಗೆ ನೆನಪಾಗಬೇಕಾದರೆ ಯಾರಾದರೂ ನೆನಪಿಸಬೇಕು.

ಇನ್ನು ನನ್ನ ಹುಚ್ಚು. ಇದನ್ನು ಹೇಳದೆ ನಾನು ಬಿಡುವವನಲ್ಲ ಅಂತ ಹಳಬರಿಗೆ ಗೊತ್ತು. ಫೋಟೊ ಮತ್ತು ವಿಡಿಯೊ ನಡುವೆ ಮೂರನೆಯದೊಂದು ಉಂಟು: ಫೋಟೊ ತೆಗೀರಿ, ಧ್ವನಿ ಬೇರೆಯೇ ರೆಕಾರ್ಡ್ ಮಾಡಿ, ಮನೆಗೆ ಬಂದು ಎರಡನ್ನೂ ಹೊಲಿಯಿರಿ. ಹನ್ನೆರಡು ಫೋಟೊ, ಒಂದೂವರೆ ನಿಮಿಷದ ಧ್ವನಿ. ನನ್ನ ಮಟ್ಟಿಗೆ ಆನ್‌ಲೈನ್ ಪತ್ರಿಕೆಗೆ ಇದಕ್ಕಿಂತ ಒಳ್ಳೆ ಪಾಕ ಇಲ್ಲ. ಮಾಟುಂಗದ ಕಡೆಯ ಒಬ್ಬ ಹಿರಿಯರು, ಎಂಬತ್ತು ದಾಟಿದವರು, ಸಣ್ಣ ಹುಡುಗನಾಗಿ ಊರಿನಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಮೊದಲ ದಿನ ವಿಡಿಯೊ ಇಟ್ಟೆ. ಸ್ಟ್ಯಾಂಡು, ಲೈಟು, ಕಾಲರ್ ಮೈಕು. ಪುಣ್ಯಾತ್ಮರು ಬಿಳಿ ಅಂಗಿ ಹಾಕಿ, ತಲೆ ಬಾಚಿ, ಶಾಲಾ ವಾರ್ಷಿಕೋತ್ಸವದ ಭಾಷಣದ ಹಾಗೆ "ನಾನು ಬಹಳ ಕಷ್ಟಪಟ್ಟು ಮೇಲೆ ಬಂದೆ" ಅಂತ ಶುರು ಮಾಡಿದರು. ನಲವತ್ತು ನಿಮಿಷ ಅದೇ. ಕ್ಯಾಮೆರಾದ ಕೆಂಪು ದೀಪ ನೋಡಿದ ಮೇಲೆ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ.

ಎರಡನೇ ವಾರ ಬರೀ ರೆಕಾರ್ಡರ್ ಹಿಡಿದುಕೊಂಡು ಹೋದೆ. ಏನು ಎಂತ ಅಂತ ಹೇಳಿಯೇ ಮೇಜಿನ ಮೇಲೆ ಇಟ್ಟೆ, ಕದ್ದು ಇಡಬೇಡಿ. ಐದು ನಿಮಿಷದಲ್ಲಿ ಅವರು ಅದನ್ನು ಮರೆತರು. ಹಿಟ್ಟು ರುಬ್ಬುವ ಕಲ್ಲಿನ ಪಕ್ಕ ಗೋಣಿ ಹಾಸಿ ಮಲಗುತ್ತಿದ್ದದ್ದು, ಮಳೆಗಾಲದಲ್ಲಿ ಗೋಣಿಯೇ ಹೊದಿಕೆಯಾದದ್ದು, ಅಮ್ಮ ತೀರಿದ ಕಾಗದ ಹನ್ನೊಂದು ದಿನ ತಡವಾಗಿ ಬಂದದ್ದು, ಎಲ್ಲ ಬಂತು. ಕಾಗದದ ಮಾತು ಹೇಳುವಾಗ ಒಂದು ಲೋಟ ಇಟ್ಟ ಸದ್ದು ಬಂದಿದೆ, ಅದನ್ನು ಕತ್ತರಿಸದೆ ಹಾಗೇ ಬಿಟ್ಟೆ. ಮಾತು ಮುಗಿದ ಮೇಲೆ ಕ್ಯಾಮೆರಾ ತೆಗೆದೆ: ಅವರ ಕೈ, ಗಲ್ಲಾಪೆಟ್ಟಿಗೆ, ಊರಿನ ದೈವದ ಕ್ಯಾಲೆಂಡರ್. ನಮ್ಮ ತಾಣದಲ್ಲಿ ಜನ ಕೊನೆವರೆಗೂ ಕೇಳಿ ಫೋನ್ ಮಾಡಿದ್ದು ಅದಕ್ಕೆ ಮಾತ್ರ.

ಆದರೆ ಇದಕ್ಕೂ ಷರತ್ತುಗಳು ಉಂಟು. ಕಿಚನ್ನಿನ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿಸಿ, ಇಲ್ಲ ಬೇರೆ ಕೋಣೆಗೆ ಕರ್ಕೊಂಡು ಹೋಗಿ. ಸಾಫ್ಟ್‌ವೇರಿನಲ್ಲಿ ತೆಗೀತೇನೆ ಅನ್ನಬೇಡಿ, ಮಾತೂ ಜೊತೆಗೆ ಹೋಗ್ತದೆ. ಬರೀ ಜಾಗದ ಸದ್ದನ್ನು ಒಂದು ನಿಮಿಷ ಬೇರೆ ಹಿಡಿದಿಡಿ, ಮಾತು ಜೋಡಿಸುವಾಗ ಅಂಟಿನ ಹಾಗೆ ಬೇಕಾಗ್ತದೆ. ಮತ್ತೆ ಕಾಲು ಭಾಗ ಓದುಗರಾದರೂ ಲೋಕಲ್‌ನಲ್ಲಿ ಧ್ವನಿ ಬಂದ್ ಮಾಡಿಯೇ ನೋಡುವವರು ಅಂತ ನನ್ನ ಅಂದಾಜು, ಆದ್ದರಿಂದ ಅಕ್ಷರ ಹಾಕಲೇಬೇಕು.

ಅಕ್ಷರ ಅಂದಾಗ ನೆನಪಾಯಿತು. ಕನ್ನಡ ಸಬ್‌ಟೈಟಲ್‌ನಲ್ಲಿ ಒತ್ತಕ್ಷರ ಒಡೆದು "ಅಮ್ಮ" ಇದ್ದದ್ದು "ಅಮ್‌ಮ" ಆಗಿರುವುದನ್ನು ಈ ಗುಂಪಿನಲ್ಲೇ ವಾರಕ್ಕೆರಡು ಸಲ ನೋಡ್ತೇನೆ. ವಿಡಿಯೊ ಜೋಡಿಸುವ ಪ್ರೀಮಿಯರ್ ಸಾಫ್ಟ್‌ವೇರಿನಲ್ಲಿ ಟೆಕ್ಸ್ಟ್ ಸೆಟ್ಟಿಂಗ್ ದಕ್ಷಿಣ ಏಷ್ಯಾದ್ದಕ್ಕೆ ಬದಲಿಸಿ, ಯೂನಿಕೋಡ್ ಫಾಂಟ್ ಹಾಕಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ನೇರ ಅಂಟಿಸಿ ಆಮೇಲೆ ಇಲ್ಲಿ ಬಂದು ಅಳಬೇಡಿ.

ಈಗ ನಿಮ್ಮ ಚೌಪಾಟಿಗೆ ಬರುವ. ಮೆರವಣಿಗೆಯ ಢೋಲ್-ತಾಶಾ ವಾದ್ಯ ಕಣ್ಣು ಮುಚ್ಚಿದರೂ ಕತೆ ಹೇಳ್ತದೆ, ಅದನ್ನು ಮುಂಬೈಯ ಲಾಲ್‌ಬಾಗ್ ಕಡೆಯೇ ಬೆಳಿಗ್ಗೆ ಮೂರು ನಿಮಿಷ ವಿಡಿಯೊ ಹಿಡಿದು ಮುಗಿಸಿ. ಇಪ್ಪತ್ತು ಸೆಕೆಂಡಿನ ಎಂಟೊಂಬತ್ತು ತುಂಡು, ಕ್ಯಾಮೆರಾ ಅಲ್ಲಾಡಿಸದೆ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸ್ಟ್ಯಾಂಡು) ಮನೆಯಲ್ಲಿಡಿ, ಆ ಜನಜಂಗುಳಿಯಲ್ಲಿ ಅದನ್ನು ಬಿಡಿಸುವಷ್ಟರಲ್ಲಿ ಮೂರು ಮಂಡಲದ ಗಣಪತಿ ದಾಟಿ ಹೋಗಿರ್ತದೆ. ಆಮೇಲೆ ಮೋಡ್ ಬದಲಿಸಿ, ಚೌಪಾಟಿಯಲ್ಲಿ ಬರೀ ಫೋಟೊ. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬೇಡ, ಎಲ್‌ಇಡಿ ಕೆಳಗೆ ಪಟ್ಟೆ ಬರ್ತದೆ. ಮೆಕ್ಯಾನಿಕಲ್ ಶಟರ್ ಹಾಕಿ, ದೀಪದ ಮಿಣುಕು ತಪ್ಪಿಸುವ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ಮೊಬೈಲ್‌ನಲ್ಲಿ ವಿಡಿಯೊ ಹಿಡಿಯುವವರು 30 ಬಿಟ್ಟು 25ಕ್ಕೆ ಬನ್ನಿ, ನಮ್ಮದು 50 ಹರ್ಟ್ಸ್ ಕರೆಂಟು, 30ರಲ್ಲಿ ದೀಪ ಮಿಣುಕಿದ ಹಾಗೆ ಕಾಣ್ತದೆ. ಐಫೋನ್‌ನಲ್ಲಿ ಅದಕ್ಕೆ ಪಾಲ್ (PAL) ಫಾರ್ಮ್ಯಾಟ್ ಅಂತ ಒಂದು ಬಟನ್ ಸೆಟ್ಟಿಂಗ್ಸ್ ಒಳಗೆ ಅಡಗಿ ಕೂತಿದೆ.

ಇನ್ನೊಂದು ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ಅಂದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಲಾಲ್‌ಬಾಗ್‌ಚಾ ರಾಜಾ ಗಣಪತಿ ನೀರಿಗಿಳಿಯುವುದು ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ. ಅಷ್ಟು ಹೊತ್ತು ಎಷ್ಟು ಕಾರ್ಡು, ಎಷ್ಟು ಬ್ಯಾಟರಿ ಹೊರ್ತೀರಿ? ಆ ರಾತ್ರಿ ಚೌಪಾಟಿಯಲ್ಲಿ ನೆಟ್‌ವರ್ಕ್ ಇರುವುದೇ ಇಲ್ಲ. ಎರಡು ಎಂಬಿಯ ಫೋಟೊ ಹೇಗೋ ತೆವಳಿಕೊಂಡು ಹೋಗ್ತದೆ, ವಿಡಿಯೊ ಹೋಗಬೇಕಾದರೆ ನೀವೇ ರೈಲು ಹತ್ತಬೇಕು. ಸುದ್ದಿತಾಣಕ್ಕೆ ಅರ್ಧ ಗಂಟೆ ತಡ ಅಂದರೆ ಅರ್ಧ ದಿನ ತಡ. ಫೋಟೊ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಹಿಂಡಿ ಸಣ್ಣ ಮಾಡ್ತದೆ, ಒಳಗೆ ಬರೆದ ದಿನಾಂಕ, ಶೀರ್ಷಿಕೆ ಎಲ್ಲ ತೊಳೆದು ಹೋಗ್ತದೆ. ಮುಖ್ಯ ಚಿತ್ರ 1200 ಪಿಕ್ಸೆಲ್‌ಗಿಂತ ಕಡಿಮೆ ಅಗಲ ಬೇಡ, ಮೊಬೈಲ್‌ನಲ್ಲಿ ಸುದ್ದಿ ಸಾಲಾಗಿ ತೋರಿಸುವ ಗೂಗಲ್ ಡಿಸ್ಕವರ್ ಅದನ್ನು ದೊಡ್ಡದಾಗಿ ತೋರಿಸುವುದಿಲ್ಲ.

ದಿನಾಂಕದ ವಿಷಯದಲ್ಲಿ ಉದಾಸೀನ ಬೇಡ. ಪ್ರತಿ ಮಳೆಗಾಲದಲ್ಲೂ ಯಾವುದೋ ವರ್ಷದ ನೆರೆ ವಿಡಿಯೊ "ಈಗ ಬಂದ ಸುದ್ದಿ" ಅಂತ ತಿರುಗ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದ ದಿನದ ಚಿತ್ರಗಳು ಈಗಲೂ ಹೊಸ ವೇಷದಲ್ಲಿ ಬರ್ತವೆ. ನಿಮ್ಮ ತುಂಡಿನ ಮೊದಲಿಗೆ ಸ್ಟೇಷನ್ ಬೋರ್ಡೋ ಅಂಗಡಿ ಹಲಗೆಯೋ ಸೇರಿಸಿ, ದಿನ, ಹೊತ್ತು ಬಾಯಲ್ಲೇ ಹೇಳಿ. ಮೂಲ ಫೈಲ್ ಅಳಿಸಬೇಡಿ.

ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಗಾದರೆ ವಿಡಿಯೊ ಅಂದರೆ ನನಗೆ ಹೆದರಿಕೆ. ಮುಖ ಮಸುಕು ಮಾಡಿದ್ದೇನೆ ಅಂತ ನಿಮಗೆ ಧೈರ್ಯ, ಆದರೆ ಕ್ಯಾಮೆರಾ ಬಲಕ್ಕೆ ತಿರುಗುವಾಗ ಶಾಲೆಯ ಬ್ಯಾಡ್ಜು, ಸೊಸೈಟಿಯ ಹೆಸರು, ಅಜ್ಜಿಯ ಧ್ವನಿ ಎಲ್ಲ ಸಿಕ್ಕಿಬಿಡ್ತದೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಗುರುತು ಕಾಪಾಡುವ 23ನೇ ಕಲಂ ಓದಿಕೊಳ್ಳಿ. ಅಲ್ಲಿ ಒಂದು ಖಾಲಿ ಓಣಿಯ ಫೋಟೊ ಸಾಕು, ಯಾವ ಓಣಿ ಅಂತ ಗುರುತು ಸಿಗುವಂತಿದ್ದರೆ ಅದೂ ಬೇಡ.

ಸಾಮಾನಿನ ಬಗ್ಗೆ ಕೇಳುವವರಿಗೆ: ದುಡ್ಡು ಮೊದಲು ಮೈಕಿಗೆ ಹಾಕಿ. ಬೋಯಾದ ತಂತಿ ಮೈಕ್ ಒಂದು ಸಾವಿರದ ಆಸುಪಾಸಿನದ್ದು ನನ್ನಲ್ಲಿ ವರ್ಷಗಟ್ಟಲೆ ದುಡಿದಿದೆ. ರೋಡ್ (Rode) ಕಂಪನಿಯ ವೈರ್‌ಲೆಸ್ ಮೈಕ್ ಒಳ್ಳೆಯದೇ, ಆದರೆ ಮರೈನ್ ಡ್ರೈವ್ ಗಾಳಿಗೆ ಅದರ ಕೂದಲಿನ ಟೋಪಿ ಹಾಕದೆ ಹೋದರೆ ದುಡ್ಡು ಸಮುದ್ರಕ್ಕೆ. ಸೋನಿಯೋ ಕ್ಯಾನನ್ನೋ ಅಂತ ಜಗಳ ಆಡಬೇಡಿ, ಯಾವುದಾದರೂ ಒಂದರ ಮೆನು ಕತ್ತಲಲ್ಲಿ ಬೆರಳಿಗೆ ಗೊತ್ತಿರಬೇಕು. ಲಾಗ್ ಪ್ರೊಫೈಲ್ (ಬಣ್ಣ ಆಮೇಲೆ ತಿದ್ದಲಿಕ್ಕೆ ಮಂಕಾಗಿ ಹಿಡಿಯುವುದು) ಮದುವೆಯವರಿಗೆ ಬಿಡಿ, ಅದೇ ರಾತ್ರಿ ಹಾಕುವ ಸುದ್ದಿಗೆ ಬಣ್ಣ ತಿದ್ದುತ್ತಾ ಕೂರುವವರು ಯಾರು? ಕಾರ್ಡ್ ಮಾತ್ರ ವಿ30 ಅನ್ನುವ ವೇಗದ ಗುರುತಿನದ್ದು, ಬಿಲ್ ಕೊಡುವ ಅಂಗಡಿಯಿಂದ. ಫುಟ್‌ಪಾತಿನ ಅರ್ಧ ಬೆಲೆಯ ಕಾರ್ಡ್ ನಂಬಿ ಒಮ್ಮೆ ಇಡೀ ಕಾರ್ಯಕ್ರಮ ಕಳೆದುಕೊಂಡಿದ್ದೇನೆ, ಅದರ ಕತೆ ಇನ್ನೊಮ್ಮೆ.

ಜೊತೆಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಒಂದು ಕ್ಯಾಮೆರಾಕ್ಕೆ, ಒಂದು ಮೊಬೈಲ್‌ಗೆ. ಭರತದ (ಕಡಲು ಉಕ್ಕುವ) ಹೊತ್ತು ನೋಡಿಕೊಂಡೇ ಜಾಗ ಹಿಡಿಯಿರಿ, ಇಲ್ಲದಿದ್ದರೆ ಸಂಜೆ ನಿಂತ ಮರಳು ರಾತ್ರಿ ನೀರಿನೊಳಗೆ ಇರ್ತದೆ. ಒಳ್ಳೆ ಕೋನ ಸಿಗ್ತದೆ ಅಂತ ಬರಿಗಾಲಲ್ಲಿ ನೀರಿಗಿಳಿಯಬೇಡಿ. 2013ರ ವಿಸರ್ಜನೆಯಲ್ಲಿ ಅಲ್ಲೇ ತೊರಕೆ ಮೀನು ಚುಚ್ಚಿ ಹತ್ತಾರು ಜನ ಆಸ್ಪತ್ರೆ ಸೇರಿದ್ದರು. ಮೊಣಕಾಲವರೆಗಿನ ಗಮ್‌ಬೂಟ್ ಇದ್ದರೆ ಒಳ್ಳೆಯದು, ಇಲ್ಲದವರು ಹೇಳಿ, ನನ್ನದು 9 ನಂಬರ್, ಕಿಂಗ್ಸ್ ಸರ್ಕಲ್ ಕಡೆ ಬಂದರೆ ಕೊಡ್ತೇನೆ.