ಲೇಸರ್ ಸಿಸ್ಟರ್ ಕೈಯಲ್ಲಿ, ಡಾಕ್ಟರ್ ಎಲ್ಲಿ?

ಮಂಗಳೂರಿನ ಓದುಗರೊಬ್ಬರ ಪತ್ರದ ಸಾರ: "ನಾನು ಬಿ.ಎಸ್ಸಿ. ನರ್ಸಿಂಗ್ ಮಾಡಿ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವಳು. ಸ್ಕಿನ್ ಕ್ಲಿನಿಕ್ ಒಂದರಲ್ಲಿ ಕೆಲಸ. ಡಾಕ್ಟರ್ ವಾರಕ್ಕೆ ಎರಡು ದಿನ ಬರುತ್ತಾರೆ. ಉಳಿದ ದಿನ ಕೂದಲು ತೆಗೆಯುವ ಲೇಸರ್ ನಾನೇ ಮಾಡಬೇಕು. ಮಷೀನ್ ಕಂಪನಿಯವರು ಟ್ರೈನಿಂಗ್ ಕೊಟ್ಟಿದ್ದಾರೆ. ಏನಾದರೂ ಆದರೆ ಫೋನ್ ಮಾಡು ಅನ್ನುತ್ತಾರೆ ಡಾಕ್ಟರ್. ಇದು ಸರಿಯಾ? ಹೆಚ್ಚುಕಮ್ಮಿಯಾದರೆ ನನ್ನ ತಲೆಗೆ ಬರುತ್ತದಾ?"

ಸಿಸ್ಟರ್,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬರುತ್ತದೆ. ಕ್ಲಿನಿಕ್‌ನವರ ತಲೆಗೂ ಬರುತ್ತದೆ, ಡಾಕ್ಟರ ತಲೆಗೂ ಬರುತ್ತದೆ. ಆದರೆ ಹ್ಯಾಂಡ್‌ಪೀಸ್ ಹಿಡಿದ ಕೈ ನಿಮ್ಮದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. "ಸರ್ ಹೇಳಿದ್ದರು" ಅನ್ನುವ ಬಾಯಿಮಾತು ಅಲ್ಲಿ ಎಷ್ಟು ನಿಂತೀತು?

ಇನ್ನು ಸರಿಯಾ ಅನ್ನುವ ಪ್ರಶ್ನೆ. ನರ್ಸ್ ಲೇಸರ್ ಮುಟ್ಟಲೇಬಾರದು ಅನ್ನುವವರ ಜೊತೆ ನಾನಿಲ್ಲ. ಐಸಿಯುನಲ್ಲಿ ಇದಕ್ಕಿಂತ ದೊಡ್ಡ ಜವಾಬ್ದಾರಿ ಹೊರುವವರು ನೀವು. ಪಲ್ಸ್, ಅಂದರೆ ಲೇಸರ್ ಬೆಳಕಿನ ಒಂದೊಂದು ಹೊಡೆತ, ಹೊಡೆಯುವುದು ಕಲಿತರೆ ಬರುವ ಕೆಲಸ. ಕಷ್ಟ ಇರುವುದು ಅದಕ್ಕೂ ಮೊದಲು. ಈ ಚರ್ಮಕ್ಕೆ ಯಾವ ಲೇಸರ್, ಎಷ್ಟು ಜೂಲ್ ಶಕ್ತಿ, ಇವತ್ತು ಮಾಡಬಹುದಾ? ಇದನ್ನು ಡಾಕ್ಟರೇ ಕಣ್ಣಾರೆ ನೋಡಿ ತೀರ್ಮಾನಿಸಬೇಕು.

ಯಾಕೆಂದರೆ ಲೇಸರ್ ಹುಡುಕಿಕೊಂಡು ಹೋಗುವುದು ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅನ್ನು. ಅದೇ ಮೆಲನಿನ್ ನಮ್ಮ ಚರ್ಮದ ಮೇಲ್ಪದರದಲ್ಲೂ ಧಾರಾಳ. ಬಿಳಿ ಚರ್ಮಕ್ಕೆ ಹೊಂದುವ 755 ನ್ಯಾನೊಮೀಟರ್ ತರಂಗದ ಅಲೆಕ್ಸಾಂಡ್ರೈಟ್ ಲೇಸರ್ ನಮ್ಮವರನ್ನು ಸುಡುವ ಅಪಾಯ ಜಾಸ್ತಿ. 1064ರ ಎನ್‌ಡಿ-ಯಾಗ್ ಲೇಸರ್ ಆಳಕ್ಕೆ ಇಳಿಯುತ್ತದೆ, ಮೇಲ್ಪದರವನ್ನು ಅಷ್ಟು ಕೆಣಕುವುದಿಲ್ಲ. ಭಾನುವಾರ ಪಣಂಬೂರು ಬೀಚ್‌ನಲ್ಲಿ ಬಿಸಿಲಿಗೆ ಕಪ್ಪಾಗಿ ಮಂಗಳವಾರ ನಿಮ್ಮಲ್ಲಿಗೆ ಬರುವ ಹುಡುಗಿಗೆ ಹಿಂದಿನ ಸಲದ ಸೆಟ್ಟಿಂಗ್ ಆಗುವುದಿಲ್ಲ. ಅವಳನ್ನು ಆ ದಿನ ವಾಪಸ್ ಕಳಿಸುವುದೇ ಸರಿ. ಗದ್ದದಲ್ಲಿ ದಪ್ಪ ಕೂದಲು ಬರತೊಡಗಿದವಳಿಗೆ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಅವಳಿಗೆ ಮೊದಲು ಬೇಕಾದದ್ದು ಪರೀಕ್ಷೆ, ಆರು ಸಿಟ್ಟಿಂಗ್‌ನ ಪ್ಯಾಕೇಜ್ ಅಲ್ಲ.

ಫೋನ್ ಮಾಡು ಅನ್ನುವುದರ ಬಗ್ಗೆಯೂ ಹೇಳಬೇಕು. ಪಲ್ಸ್ ಬಿದ್ದಾಗ ಕೂದಲಿನ ಬುಡದಲ್ಲಿ ಸಣ್ಣಗೆ ಉಬ್ಬಿದರೆ ಸರಿ. ಚರ್ಮ ಬೂದು ಬಣ್ಣಕ್ಕೆ ತಿರುಗಿದರೆ ಅಥವಾ ಬಿಳುಚಿಕೊಂಡರೆ ಸುಟ್ಟಿತೆಂದೇ ಅರ್ಥ. ಕೂಡಲೇ ನಿಲ್ಲಿಸಿ ತಣ್ಣಗೆ ಮಾಡಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದ ವಾಟ್ಸಾಪ್ ಫೋಟೋದಲ್ಲಿ ಈ ಬಣ್ಣ ಹಿಡಿಯುವುದು ಕಷ್ಟ. ಡಾಕ್ಟರ್ ಇನ್ನೊಂದು ಊರಿನ ಒಪಿಡಿಯಲ್ಲಿದ್ದರೆ ಫೋನ್ ಎತ್ತುವುದೇ ಅನುಮಾನ. ಇದಕ್ಕೆ ಮೇಲ್ವಿಚಾರಣೆ ಅಂತ ಹೆಸರಿಡಲು ನನಗೆ ಮನಸ್ಸಿಲ್ಲ.

ಲೇಸರ್ ಯಾರು ಹಿಡಿಯಬಹುದು ಅನ್ನುವುದಕ್ಕೆ ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅಲ್ಲಿನ ಲೇಸರ್ ಗಾಯದ ಕೋರ್ಟ್ ಕೇಸುಗಳನ್ನು ಚರ್ಮವೈದ್ಯರು ಜಾಲಾಡಿದ್ದಾರೆ. ಡಾಕ್ಟರಲ್ಲದವರು ಲೇಸರ್ ಹಿಡಿದ ಕೇಸುಗಳು 2008ರಲ್ಲಿ ನೂರಕ್ಕೆ 36ರಷ್ಟಿದ್ದವು, 2011ಕ್ಕೆ 78ರ ಹತ್ತಿರ ಹೋದವು. ಕೋರ್ಟಿಗೆ ಹೋದವುಗಳ ಲೆಕ್ಕ ಮಾತ್ರ ಇದು, ನಿಜ. ಆದರೂ ಅದರಲ್ಲಿ ಕೂದಲು ತೆಗೆಯುವ ಲೇಸರೇ ಜಾಸ್ತಿ. ನಾವು ಸುಲಭ ಅಂದುಕೊಂಡ ಕೆಲಸವೇ ಅಲ್ವಾ ಅದು?

ನಮ್ಮಲ್ಲಿ ನರ್ಸಿಂಗ್ ರಿಜಿಸ್ಟ್ರೇಷನ್ ನಿಮಗೆ ಕೊಡುವುದು ಶುಶ್ರೂಷೆಯ ಹಕ್ಕು, ಚಿಕಿತ್ಸೆ ನಿರ್ಧರಿಸುವ ಹಕ್ಕಲ್ಲ. ವೈದ್ಯಕೀಯ ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ. ಸೆಟ್ಟಿಂಗ್ ನೀವೇ ಆರಿಸುವ ದಿನ ಆ ಗೆರೆಯ ತೀರಾ ಹತ್ತಿರ ನಿಂತಿರುತ್ತೀರಿ. ಕಂಪನಿಯ ಟ್ರೈನಿಂಗ್ ಸರ್ಟಿಫಿಕೇಟ್ ಗೋಡೆಗೆ ಚಂದ, ಅಷ್ಟೆ.

ಹಾಗಾಗಿ ಡಾಕ್ಟರ್ ಬರುವ ದಿನವೇ ಹೊಸಬರನ್ನೆಲ್ಲ ಕರೆಸಿ. ಟೆಸ್ಟ್ ಪ್ಯಾಚ್, ಅಂದರೆ ಚಿಕ್ಕ ಜಾಗದಲ್ಲಿ ಮೊದಲು ಹೊಡೆದು ನೋಡುವುದು, ಡಾಕ್ಟರ ಎದುರಲ್ಲೇ ಆಗಲಿ. ಯಾವ ಲೇಸರ್, ಎಷ್ಟು ಜೂಲ್, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅವರೇ ಚಾರ್ಟಲ್ಲಿ ಬರೆದು ಸಹಿ ಹಾಕಲಿ. ಡಾಕ್ಟರ್ ಇಲ್ಲದ ದಿನ ಲೇಸರ್ ರೂಮಿಗೆ ಬೀಗ ಹಾಕುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮಾಲೀಕರಿಗೆ ಇದು ರುಚಿಸಲಿಕ್ಕಿಲ್ಲ. ಹುಬ್ಬಿನ ಕೆಳಗೆ, ಕಣ್ಣಿನ ಹತ್ತಿರ ಮಾತ್ರ ಯಾರು ಹೇಳಿದರೂ ಹೊಡೆಯಬೇಡಿ, ಕಣ್ಣಿನ ಪಾಪೆಗೆ ಪೆಟ್ಟಾದ ಉದಾಹರಣೆಗಳಿವೆ. ಮಸ್ಕತ್‌ನಿಂದ ರಜೆಗೆ ಬಂದವರು "ಈ ತಿಂಗಳಲ್ಲೇ ಮೂರು ಸಿಟ್ಟಿಂಗ್ ಮುಗಿಸಿ ಸಿಸ್ಟರ್" ಅಂತ ದುಂಬಾಲು ಬೀಳುತ್ತಾರೆ. ಆಗುವುದಿಲ್ಲ ಅನ್ನುವ ಅಧಿಕಾರ ರಿಸೆಪ್ಷನ್‌ಗಲ್ಲ, ನಿಮಗಿರಬೇಕು.

ಇಷ್ಟನ್ನೂ ಮಾಲೀಕರಿಗೆ ಬಾಯಲ್ಲಿ ಹೇಳಬೇಡಿ, ಒಂದು ಇಮೇಲ್ ಹಾಕಿ, ಪ್ರತಿ ಇಟ್ಟುಕೊಳ್ಳಿ. ಕೆಲಸ ಹೋದೀತೆಂಬ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೂ ಮಾಲೀಕರು ಬಗ್ಗದಿದ್ದರೆ, ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ನೋಂದಣಿ ಇರುವುದು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ. ಅದರ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು.