‘ಕ್ಯಾಸಾಬ್ಲಾಂಕಾ’ದ ಆ ಪೊಲೀಸ್ ಕ್ಯಾಪ್ಟನ್ ಯಾರು? ಅವರ ಬೇರೆ ಯಾವ ಸಿನಿಮಾ ನೋಡಬಹುದು?

ನೀವು ಕೇಳಿರುವುದು ಇಷ್ಟು: ‘ಕ್ಯಾಸಾಬ್ಲಾಂಕಾ’ ಮೊದಲ ಸಲ ನೋಡಿದೆ, ಹೀರೊಗಿಂತ ಆ ಲಂಚಕೋರ ಪೊಲೀಸ್ ಕ್ಯಾಪ್ಟನ್ನೇ ಜಾಸ್ತಿ ಇಷ್ಟವಾದ, ಆ ನಟ ಯಾರು, ಬೇರೆ ಏನೇನು ಮಾಡಿದ್ದಾರೆ?

ಅವರು ಕ್ಲಾಡ್ ರೇನ್ಸ್. ಹೆಸರು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಇವರ ವಿಷಯ ಬಂದರೆ ನನಗೆ ಸುಮ್ನಿರುವುದಕ್ಕೆ ಆಗುವುದಿಲ್ಲ. ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಿಮಗೆ ಆದದ್ದೇ ನನಗೂ ಆಗಿತ್ತು. ಹಾಸ್ಟೆಲ್ ರೂಮಿನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆ ಸಿನಿಮಾ ನೋಡಿದ್ದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಈ ಕುಳ್ಳ ಮನುಷ್ಯ ಮತ್ತೆ ಯಾವಾಗ ಬರುತ್ತಾನೆ ಎಂದು ಕಾಯುತ್ತಿದ್ದೆ. ಜೂಜಿನ ದೃಶ್ಯ ನೆನಪಿದೆ ಅಲ್ವಾ? ಇಲ್ಲಿ ಜೂಜು ನಡೆಯುತ್ತದೆಯೇ, ನನಗಂತೂ ಆಘಾತವಾಯಿತು ಎಂದು ಕ್ಯಾಪ್ಟನ್ ರೆನೋ ಹೋಟೆಲ್ ಮುಚ್ಚಿಸುತ್ತಾನೆ. ಆ ಮಾತು ಇನ್ನೂ ಬಾಯಲ್ಲಿರುವಾಗಲೇ ಒಬ್ಬ ಬಂದು, ಅವನೇ ಆಡಿ ಗೆದ್ದ ದುಡ್ಡನ್ನು ಕೈಗಿಡುತ್ತಾನೆ. ಬೇರೆ ನಟರಾದರೆ ಇಲ್ಲಿ ಕಣ್ಣರಳಿಸುತ್ತಿದ್ದರು, ತಡಬಡಾಯಿಸುತ್ತಿದ್ದರು, ನಗಿಸುವುದಕ್ಕೆ ಏನಾದರೂ ಒಂದು ಮಾಡುತ್ತಿದ್ದರು. ರೇನ್ಸ್ ಏನೂ ಮಾಡುವುದಿಲ್ಲ. ತಗ್ಗಿದ ದನಿಯಲ್ಲಿ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳುತ್ತಾರೆ. ಮರುಕ್ಷಣವೇ ದನಿ ಏರಿಸಿ ಎಲ್ಲರನ್ನೂ ಹೊರಗೆ ಅಟ್ಟುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಎರಡು ದನಿ. ಆ ಎರಡರ ನಡುವೆ ಇಡೀ ಪಾತ್ರ ಇದೆ.

ಆ ದನಿಯ ಕಥೆಯೇ ರೇನ್ಸ್ ಕಥೆ ಎಂದು ನನ್ನ ಲೆಕ್ಕ.

ಅವರು ಹುಟ್ಟಿದ್ದು 1889ರ ನವೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಫ್ರೆಡ್ ರೇನ್ಸ್ ಕೂಡ ನಟರೇ. ಆದರೆ ಮನೆಯಲ್ಲಿ ಬಡತನ. ತಾಯಿ ಹೆತ್ತ ಹನ್ನೆರಡು ಮಕ್ಕಳಲ್ಲಿ ಉಳಿದದ್ದು ಮೂವರು. ಹುಡುಗನಿಗೆ ಸ್ಕೂಲು ಹತ್ತಲಿಲ್ಲ. ಮಾತಾಡಿದರೆ ಲಂಡನ್ ಕೇರಿಯ ದಪ್ಪ ಕಾಕ್ನಿ ಇಂಗ್ಲಿಷ್. ಅದರ ಮೇಲೆ ನಾಲಗೆಗೆ ‘ರ’ ಹೊರಳುತ್ತಿರಲಿಲ್ಲ. ಹೆಸರು ಕೇಳಿದರೆ ‘ವಿಲ್ಲಿ ವೇನ್ಸ್’ ಅನ್ನುತ್ತಿದ್ದ. ಪೂರ್ತಿ ಹೆಸರು ವಿಲಿಯಂ ಕ್ಲಾಡ್ ರೇನ್ಸ್, ಮನೆಯಲ್ಲಿ ವಿಲ್ಲಿ. ಮುಂದೆ ಇಂಗ್ಲಿಷ್ ಸಿನಿಮಾದ ಅತಿ ಚೆಂದದ ದನಿ ಎಂದು ಜನ ಹೊಗಳಿದ್ದು ಇವನದನ್ನೇ.

ಹತ್ತರ ವಯಸ್ಸಿಗೇ ಒಂದು ನಾಟಕದಲ್ಲಿ ಸಣ್ಣದಾಗಿ ವೇದಿಕೆ ಹತ್ತಿದ್ದ. ಆಮೇಲೆ ‘ಹಿಸ್ ಮೆಜೆಸ್ಟೀಸ್’ ಥಿಯೇಟರಿನಲ್ಲಿ ಕೆಲಸ ಸಿಕ್ಕಿತು. ಎಂಥ ಕೆಲಸ ಅಂದರೆ, ನಟರ ಕೋಣೆಗಳ ಬಾಗಿಲು ತಟ್ಟಿ ‘ನಿಮ್ಮ ಸರದಿ ಬಂತು’ ಎಂದು ಕರೆಯುವುದು. ಅಲ್ಲಿಂದ ಪ್ರಾಂಪ್ಟರ್ (ಮರೆಯಲ್ಲಿ ನಿಂತು ನಟರಿಗೆ ಮರೆತ ಮಾತು ನೆನಪಿಸುವವ) ಆದ, ಸ್ಟೇಜ್ ಮ್ಯಾನೇಜರ್ ಆದ. ಆ ಥಿಯೇಟರಿನ ಯಜಮಾನ ಹರ್ಬರ್ಟ್ ಬೀರ್ಬೋಮ್ ಟ್ರೀ, ಆ ಕಾಲದ ದೊಡ್ಡ ನಟ. ಹುಡುಗನಲ್ಲಿ ಏನೋ ಇದೆ ಅನ್ನಿಸಿ, ಮಾತು ತಿದ್ದಿಕೊಳ್ಳುವ ಪಾಠಕ್ಕೂ ಪುಸ್ತಕಕ್ಕೂ ತಾನೇ ದುಡ್ಡು ಕೊಟ್ಟರು. ರೇನ್ಸ್ ಕೂತು ತಿದ್ದಿಕೊಂಡರು. ಕಾಕ್ನಿ ಹೋಯಿತು, ‘ರ’ ಬಂತು.

ಅಷ್ಟರಲ್ಲಿ ಮೊದಲ ಮಹಾಯುದ್ಧ. ರೇನ್ಸ್ ಸೇರಿದ್ದು ಲಂಡನ್ ಸ್ಕಾಟಿಷ್ ರೆಜಿಮೆಂಟ್. ಅದೇ ರೆಜಿಮೆಂಟಿನಲ್ಲಿ ಇದ್ದವರ ಹೆಸರು ಕೇಳಿ: ಬೇಸಿಲ್ ರಾತ್‌ಬೋನ್, ರೊನಾಲ್ಡ್ ಕೋಲ್ಮನ್, ಹರ್ಬರ್ಟ್ ಮಾರ್ಷಲ್. ಎಲ್ಲರೂ ಮುಂದೆ ಹಾಲಿವುಡ್‌ಗೆ ಬಂದವರೇ. 1938ರ ‘ರಾಬಿನ್ ಹುಡ್’ ಸಿನಿಮಾದಲ್ಲಿ ರೇನ್ಸ್ ರಾಜಕುಮಾರ ಜಾನ್, ರಾತ್‌ಬೋನ್ ಅವನ ಬಲಗೈ ಬಂಟ. ಒಂದೇ ರೆಜಿಮೆಂಟಿನ ಇಬ್ಬರು ಒಟ್ಟಿಗೆ ಕೂತು ಹೀರೊನ ವಿರುದ್ಧ ಪಿತೂರಿ ಮಾಡುವುದನ್ನು ನೋಡುವಾಗ ನನಗೆ ಪ್ರತಿ ಸಲ ಇದು ನೆನಪಾಗುತ್ತದೆ.

ಯುದ್ಧ ಮಾತ್ರ ತಮಾಷೆಯಾಗಿರಲಿಲ್ಲ. 1916ರಲ್ಲಿ, ಫ್ರಾನ್ಸಿನ ವಿಮಿ ಹತ್ತಿರ ವಿಷಾನಿಲದ ದಾಳಿಗೆ ಸಿಕ್ಕಿಕೊಂಡರು. ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಗಂಟಲಿಗೂ ಪೆಟ್ಟು ಬಿತ್ತು. ದನಿ ವಾಪಸ್ ಬಂದಾಗ ಮೊದಲಿನ ಹಾಗೆ ಬರಲಿಲ್ಲ. ಅದರಲ್ಲಿ ಒಂಥರಾ ಒರಟು ಸೇರಿಕೊಂಡಿತ್ತು, ಮರಳು ಬೆರೆತ ಜೇನಿನ ಹಾಗೆ. ಸಿಪಾಯಿಯಾಗಿ ಸೇರಿದವರು ಯುದ್ಧ ಮುಗಿಯುವಷ್ಟರಲ್ಲಿ ಕ್ಯಾಪ್ಟನ್ ಆಗಿದ್ದರು. ಹಾಗಾಗಿ ರೆನೋ ಅವರು ಹೊತ್ತ ಮೊದಲ ಕ್ಯಾಪ್ಟನ್ ಪದವಿ ಅಲ್ಲ.

ಅಲ್ಲಿಂದ ಮತ್ತೆ ನಾಟಕ. ಟ್ರೀ ಅವರೇ ಶುರು ಮಾಡಿದ್ದ, ಇವತ್ತಿಗೂ ಇಂಗ್ಲೆಂಡಿನ ದೊಡ್ಡ ನಟನಾ ಶಾಲೆಯಾದ ‘ರಾಡಾ’ದಲ್ಲಿ ಪಾಠವನ್ನೂ ಮಾಡಿದರು. ಜಾನ್ ಗಿಲ್‌ಗುಡ್, ಚಾರ್ಲ್ಸ್ ಲಾಟನ್ ಅವರ ವಿದ್ಯಾರ್ಥಿಗಳು. 1920ರ ದಶಕದ ಕೊನೆಗೆ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ನಾಟಕಗಳಲ್ಲಿ ನಿಂತರು. ಅಷ್ಟರವರೆಗೆ ಸಿನಿಮಾ ಅಂತ ಮಾಡಿದ್ದು ಒಂದೇ, 1920ರ ಒಂದು ಮೂಕಿ ಚಿತ್ರ. ದನಿಯೇ ಬಂಡವಾಳವಾದವನಿಗೆ ಮೂಕಿ ಚಿತ್ರ! ಅದು ಎಲ್ಲಿಗೂ ಹೋಗಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ. ರೇನ್ಸ್ ಒಂದು ಸಿನಿಮಾಕ್ಕೆ ಸ್ಕ್ರೀನ್ ಟೆಸ್ಟ್ ಕೊಟ್ಟರು. ಕ್ಯಾಮೆರಾ ಮುಂದೆ ನಾಟಕದ ಹಾಗೆ ಜೋರಾಗಿ ಅಭಿನಯಿಸಿ ಕೆಡಿಸಿಕೊಂಡರು, ಪಾತ್ರ ಸಿಗಲಿಲ್ಲ. ಆದರೆ ಆ ಟೆಸ್ಟಿನ ದನಿ ನಿರ್ದೇಶಕ ಜೇಮ್ಸ್ ವೇಲ್ ಕಿವಿಗೆ ಬಿತ್ತಂತೆ. ವೇಲ್ ಆಗ ‘ದಿ ಇನ್ವಿಸಿಬಲ್ ಮ್ಯಾನ್’ಗೆ ನಟನನ್ನು ಹುಡುಕುತ್ತಿದ್ದರು. ಮೊದಲು ಆ ಪಾತ್ರಕ್ಕೆ ಯೋಚಿಸಿದ್ದು ಬೋರಿಸ್ ಕಾರ್ಲೋಫ್ ಅವರನ್ನು, ಅದು ಕೂಡಿಬರಲಿಲ್ಲ. ಕಣ್ಣಿಗೆ ಕಾಣದ ಮನುಷ್ಯನ ಪಾತ್ರ. ಮುಖ ಹೇಗಿದ್ದರೇನು, ದನಿ ತಾನೇ ಬೇಕಾಗಿದ್ದು?

ಹೀಗೆ 1933ರಲ್ಲಿ, ನಲವತ್ತರ ಮೇಲೆ, ರೇನ್ಸ್ ಸಿನಿಮಾ ನಟರಾದರು. ಇಡೀ ಸಿನಿಮಾದಲ್ಲಿ ತಲೆಗೆ ಬ್ಯಾಂಡೇಜು, ಕಣ್ಣಿಗೆ ಕಪ್ಪು ಕನ್ನಡಕ, ಇಲ್ಲವೇ ಬರೀ ಖಾಲಿ ಗಾಳಿ. ಬಟ್ಟೆ ಮಾತ್ರ ಓಡಾಡುವ ದೃಶ್ಯಗಳಿಗೆ ನಟನ ಮೈಯನ್ನು ಕಪ್ಪು ಮಖಮಲ್ಲಿನಲ್ಲಿ ಮುಚ್ಚಿ, ಅದರ ಮೇಲೆ ಪಾತ್ರದ ಬಟ್ಟೆ ತೊಡಿಸಿ, ಹಿಂದೆಯೂ ಕಪ್ಪು ಮಖಮಲ್ಲೇ ಇಳಿಬಿಟ್ಟು ಚಿತ್ರೀಕರಿಸುತ್ತಿದ್ದರು. ಕಪ್ಪಿನಲ್ಲಿ ಕಪ್ಪು ಕರಗಿ ಬಟ್ಟೆ ಮಾತ್ರ ಉಳಿಯುತ್ತಿತ್ತು. ಆಮೇಲೆ ಅದನ್ನು ಬೇರೆಯಾಗಿ ತೆಗೆದ ಕೋಣೆಯ ದೃಶ್ಯದ ಜೊತೆ ಸೇರಿಸುತ್ತಿದ್ದರು. ಅದು ಜಾನ್ ಫುಲ್ಟನ್ ಕೈಚಳಕ. ಇಷ್ಟೆಲ್ಲದರ ನಡುವೆ ಹುಚ್ಚು ಏರುತ್ತಾ ಹೋಗುವುದು ದನಿಯಲ್ಲೇ. ಮೊದಲು ಸಿಡುಕು, ಆಮೇಲೆ ಜಂಬ, ಕೊನೆಗೆ ಆ ನಗು. ರೇನ್ಸ್ ಮುಖ ಕಾಣಿಸುವುದು ಕಟ್ಟಕಡೆಗೆ, ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಸತ್ತ ಮೇಲೆ, ಕೆಲವು ಸೆಕೆಂಡು. ಮುಖ ತೋರಿಸದೆ ಹೆಸರು ಮಾಡಿದ ನಟ ಇನ್ನೊಬ್ಬರು ನನಗೆ ಗೊತ್ತಿಲ್ಲ.

ಆಮೇಲೆ ವಾರ್ನರ್ ಬ್ರದರ್ಸ್ ಕಂಪನಿ, ವರ್ಷಕ್ಕೆ ಮೂರು ನಾಲ್ಕು ಸಿನಿಮಾ. ಎಲ್ಲಾ ಹೇಳುತ್ತಾ ಕೂತರೆ ಪಟ್ಟಿಯಾಗುತ್ತದೆ. ಹೀರೊ ಆಗುವ ಎತ್ತರ ಇರಲಿಲ್ಲ, ವಯಸ್ಸೂ ಇರಲಿಲ್ಲ. ಆದ್ದರಿಂದ ರಾಜ, ಡಾಕ್ಟರ್, ಸೆನೆಟರ್, ಕಳ್ಳ ರಾಜಕಾರಣಿ, ಹೀಗೆ. ಬೆಟ್ಟಿ ಡೇವಿಸ್ ಜೊತೆ ನಾಲ್ಕು ಸಿನಿಮಾ ಮಾಡಿದರು. ಆಕೆ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಆದರೆ ತನಗೆ ಬಹಳ ಇಷ್ಟವಾದ ಸಹನಟರ ಮಾತು ಬಂದಾಗ ರೇನ್ಸ್ ಹೆಸರು ಹೇಳುತ್ತಿದ್ದರು.

ಆಸ್ಕರ್ ವಿಷಯದಲ್ಲಿ ಮಾತ್ರ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪೋಷಕ ನಟನ ವಿಭಾಗದಲ್ಲಿ ನಾಲ್ಕು ಸಲ ನಾಮನಿರ್ದೇಶನ, ನಾಲ್ಕು ಸಲವೂ ಬರಿಗೈ. ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ (1939), ‘ಕ್ಯಾಸಾಬ್ಲಾಂಕಾ’ (1942), ‘ಮಿಸ್ಟರ್ ಸ್ಕೆಫಿಂಗ್ಟನ್’ (1944), ‘ನಟೋರಿಯಸ್’ (1946). ಕೊನೆಯ ಸಲ ಗೆದ್ದವರು ಹೆರಾಲ್ಡ್ ರಸೆಲ್. ಅವರು ವೃತ್ತಿನಟರಲ್ಲ, ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದು ಎರಡೂ ಕೈ ಕಳೆದುಕೊಂಡವರು. ಮೊದಲ ಯುದ್ಧದಲ್ಲಿ ಕಣ್ಣು ಕೊಟ್ಟವರು ಎರಡನೇ ಯುದ್ಧದಲ್ಲಿ ಕೈ ಕೊಟ್ಟವರ ಎದುರು ಸೋತರು. ಅದಕ್ಕೆ ಯಾರನ್ನು ಬೈಯುವುದು ಹೇಳಿ.

ನೀವು ಮುಂದೆ ಯಾವುದನ್ನು ನೋಡಲಿ ಎಂದು ಕೇಳಿದಿರಲ್ಲ, ‘ನಟೋರಿಯಸ್’ ನೋಡಿ. ಹಿಚ್‌ಕಾಕ್ ಸಿನಿಮಾ. ಅದರಲ್ಲಿ ರೇನ್ಸ್ ಬ್ರೆಜಿಲ್‌ನಲ್ಲಿ ಅಡಗಿರುವ ನಾಜಿ ಗುಂಪಿನವನು, ಹೆಸರು ಅಲೆಕ್ಸ್. ಪ್ರೀತಿಸಿ ಮದುವೆಯಾದ ಹೆಂಡತಿ (ಇಂಗ್ರಿಡ್ ಬರ್ಗ್‌ಮನ್) ಅಮೆರಿಕದ ಗೂಢಚಾರಿಣಿ. ಕಥೆಯಲ್ಲಿ ವಿಲನ್ ಇವನೇ. ಆದರೆ ಆ ಸಿನಿಮಾದಲ್ಲಿ ಆಕೆಯನ್ನು ಬಾಯಿಬಿಟ್ಟು, ಮನಸಾರೆ ಪ್ರೀತಿಸುವವನೂ ಇವನೇ. ಹೀರೊ ಕ್ಯಾರಿ ಗ್ರಾಂಟ್ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ. ವಿಷಯ ಗೊತ್ತಾದ ಮೇಲೆ ಬೆಳಗಿನ ಜಾವ ಅಲೆಕ್ಸ್ ತಾಯಿಯ ಕೋಣೆಗೆ ಹೋಗಿ ಕೂರುತ್ತಾನೆ. ಐವತ್ತು ದಾಟಿದ ಗಂಡಸು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕುಗ್ಗಿರುತ್ತಾನೆ. ತಾಯಿ ಹಾಸಿಗೆಯಲ್ಲೇ ಎದ್ದು ಕೂತು ಸಿಗರೇಟು ಹಚ್ಚುತ್ತಾಳೆ. ಆ ಸಿಗರೇಟಿಗೆ ನಾನು ಹೆದರಿದಷ್ಟು ಯಾವ ದೆವ್ವದ ಸಿನಿಮಾಕ್ಕೂ ಹೆದರಿಲ್ಲ.

ಇನ್ನು ಕೊನೆಯ ದೃಶ್ಯ. ಕಥೆ ಗೊತ್ತಾಗಬಾರದು ಅಂದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹೀರೊ ಆಕೆಯನ್ನು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾನೆ. ಕೆಳಗೆ ಗುಂಪಿನವರು ನಿಂತು ನೋಡುತ್ತಿದ್ದಾರೆ. ನಿಜ ಹೇಳಿದರೆ ಅಲೆಕ್ಸ್‌ಗೆ ಸಾವು. ಹಾಗಾಗಿ ಅವನೂ ನಾಟಕ ಆಡುತ್ತಾ ಜೊತೆಗೇ ಇಳಿಯಬೇಕು. ಕಾರಿನವರೆಗೂ ಬರುತ್ತಾನೆ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಬೇಡುತ್ತಾನೆ. ಕಾರಿನ ಬಾಗಿಲು ಲಾಕ್ ಆಗಿರುತ್ತದೆ. ಕಾರು ಹೊರಟುಹೋಗುತ್ತದೆ. ಹಿಂದಿನಿಂದ ಅವನನ್ನು ಒಳಗೆ ಕರೆಯುತ್ತಾರೆ. ಅವನು ತಿರುಗಿ ಮೆಟ್ಟಿಲು ಹತ್ತುತ್ತಾನೆ. ನಮಗೆ ಕಾಣುವುದು ಬೆನ್ನು ಮಾತ್ರ. ಬಾಗಿಲು ಮುಚ್ಚುತ್ತದೆ. ದನಿಯಿಂದ ಬದುಕಿದ ನಟನಿಗೆ ಇಲ್ಲಿ ಒಂದು ಮಾತೂ ಇಲ್ಲ, ಮುಖವೂ ಇಲ್ಲ. ಆದರೂ ಆ ಬೆನ್ನು ನೋಡಿ ನಾನು ವಿಲನ್‌ಗೋಸ್ಕರ ಅಯ್ಯೋ ಅಂದೆ.

ಇದೇ ಸಿನಿಮಾದ ಒಂದು ಸಣ್ಣ ವಿಷಯ. ಬರ್ಗ್‌ಮನ್ ರೇನ್ಸ್‌ಗಿಂತ ಎತ್ತರ. ಹತ್ತಿರದ ಶಾಟುಗಳಲ್ಲಿ ರೇನ್ಸ್‌ರನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರು. ದೂರದಿಂದ ನಡೆದು ಬರುವ ಒಂದು ಶಾಟಿಗೆ ಹಿಚ್‌ಕಾಕ್ ಇಳಿಜಾರು ಹಲಗೆ ಹಾಕಿಸಿದರು. ಕ್ಯಾಮೆರಾ ಹತ್ತಿರ ಬರಬರುತ್ತಾ ರೇನ್ಸ್ ಎತ್ತರವಾಗುತ್ತಾ ಹೋಗುವ ಹಾಗೆ!

ಮನೆಯ ವಿಷಯ ಚುಟುಕಾಗಿ. ಮದುವೆ ಆರು ಸಲ. ಒಬ್ಬಳೇ ಮಗಳು, ಜೆಸ್ಸಿಕಾ, ಹುಟ್ಟಿದ್ದು 1938ರಲ್ಲಿ. 1939ರಲ್ಲಿ ಅಮೆರಿಕದ ಪ್ರಜೆಯಾದರು. ಹಾಲಿವುಡ್ ಪಾರ್ಟಿಗಳಿಗಿಂತ ಬೇಸಾಯ ಇಷ್ಟ. ಪೆನ್ಸಿಲ್ವೇನಿಯಾದಲ್ಲಿ 380 ಎಕರೆ ಜಮೀನು ತಗೊಂಡು ಶೂಟಿಂಗ್ ಇಲ್ಲದಾಗ ಅಲ್ಲೇ ಇರುತ್ತಿದ್ದರು. 1951ರಲ್ಲಿ ನಾಟಕಕ್ಕೆ ಮರಳಿ, ‘ಡಾರ್ಕ್‌ನೆಸ್ ಅಟ್ ನೂನ್’ನ ಅಭಿನಯಕ್ಕೆ ಟೋನಿ ಪ್ರಶಸ್ತಿ ಪಡೆದರು. ಸಿನಿಮಾ ಕೊಡದಿದ್ದನ್ನು ರಂಗ ಕೊಟ್ಟಿತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಎಲ್ಲರಿಗಿಂತ ಜಾಸ್ತಿ ತಿಳಿದೂ ಕಡಿಮೆ ಮಾತಾಡುವ ಡ್ರೈಡನ್ ಇದ್ದಾನಲ್ಲ, ಅದು ಇವರೇ. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಕೊನೆಯ ಸಿನಿಮಾ 1965ರದ್ದು, ಅದರಲ್ಲಿ ರಾಜ ಹೆರೋದ. 1967ರ ಮೇ 30ರಂದು ನ್ಯೂ ಹ್ಯಾಂಪ್‌ಶೈರಿನಲ್ಲಿ ತೀರಿಕೊಂಡರು. ಎಪ್ಪತ್ತೇಳು ವರ್ಷ.

ಇನ್ನೊಂದೇ ಒಂದು ಸಂಗತಿ ಹೇಳಿ ಬಿಡುತ್ತೇನೆ. ಮಗಳು ಜೆಸ್ಸಿಕಾ ಹೇಳಿದ್ದು. 1950ರ ಸುಮಾರಿಗೆ ಪೆನ್ಸಿಲ್ವೇನಿಯಾದ ಒಂದು ಸಣ್ಣ ಥಿಯೇಟರಿಗೆ ‘ದಿ ಇನ್ವಿಸಿಬಲ್ ಮ್ಯಾನ್’ ಮತ್ತೆ ಬಂದಿತ್ತು. ಅಪ್ಪ ಮಗಳನ್ನು ಕರೆದುಕೊಂಡು ಹೋದರು. ಹೊರಗೆ ಕೊರೆಯುವ ಚಳಿ. ತಲೆಗೆ ಹ್ಯಾಟು, ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದರು. ಮುಖ ಕಾಣುತ್ತಲೇ ಇರಲಿಲ್ಲ, ಥೇಟ್ ಸಿನಿಮಾದ ಹಾಗೆ. ಕೌಂಟರಿನಲ್ಲಿ ಬಗ್ಗಿ ಟಿಕೆಟ್ ಕೇಳಿದರು. ಅಷ್ಟೇ, ಟಿಕೆಟ್ ಕೊಡುವವನಿಗೆ ದನಿಯಿಂದಲೇ ಗುರುತು ಸಿಕ್ಕಿಬಿಟ್ಟಿತು. ನಿಮ್ಮ ಹತ್ತಿರ ದುಡ್ಡು ಬೇಡ, ಹಾಗೇ ಒಳಗೆ ಹೋಗಿ ಎಂದರಂತೆ. ರೇನ್ಸ್‌ಗೆ ಸಿಟ್ಟು ಬಂತು. ಪೂರ್ತಿ ದುಡ್ಡು ಕೊಟ್ಟೇ ಒಳಗೆ ಹೋದರು. ಕತ್ತಲಲ್ಲಿ ಕೂತು, ಈ ದೃಶ್ಯ ಹೇಗೆ ತೆಗೆದರು, ಆ ದೃಶ್ಯ ಹೇಗೆ ತೆಗೆದರು ಎಂದು ಮಗಳಿಗೆ ವಿವರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಸುತ್ತಮುತ್ತ ಕೂತಿದ್ದವರೆಲ್ಲ ಪರದೆ ನೋಡುವುದು ಬಿಟ್ಟು ಇವರ ಮಾತು ಕೇಳುತ್ತಾ ಕೂತಿದ್ದರಂತೆ.