ಹೊಸ ಅಕ್ಕಿ ಊಟಕ್ಕೆ ನಮ್ಮಲ್ಲಿ ಎರಡೆರಡು ಕರೆ

ವಲಸೆ ಬಂದವರಿಗೂ ಊರಿನವರಿಗೂ ಹೊಂದಿಕೆ ಹೇಗೆ ಅಂತ ಕೇಳಿದಿರಿ. ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರದ ಕಡೆ ಊರಿನವರು ಯಾರು ಅಂತ ಬೆರಳು ಮಾಡಿ ತೋರಿಸುವುದೇ ಕಷ್ಟ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೆ ನೂರಾರು ವರ್ಷ ಮೊದಲೇ ಪೋರ್ಚುಗೀಸರ ಕಿರುಕುಳ, ಯುದ್ಧ ಅಂತ ಗೋವಾ ಬಿಟ್ಟ ಕೊಂಕಣಿಗರು ಇಲ್ಲಿ ನೆಲೆಸಿದ್ದಾರೆ. ಅವರಲ್ಲಿ ಗೌಡ ಸಾರಸ್ವತರೂ ಇದ್ದರು, ಕ್ರೈಸ್ತರೂ ಇದ್ದರು. ರಾಷ್ಟ್ರಕವಿ ಗೋವಿಂದ ಪೈ ಅವರ ಮನೆಮಾತೂ ಕೊಂಕಣಿಯೇ.

ನನ್ನ ಕಣ್ಣಿಗೆ ಮೊದಲು ಬರುವುದು ತೆನೆ. ಸೆಪ್ಟೆಂಬರ್ 8 ಕ್ರೈಸ್ತರಿಗೆ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ಹಿಡಿದು ಇಗರ್ಜಿಗೆ, ಅಂದರೆ ಚರ್ಚಿಗೆ ಹೋಗುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಪಕ್ಕದ ಮನೆಯ ಬಾಯಮ್ಮ ಆ ತೆನೆಯ ಕಾಳನ್ನು ಉಗುರಿನಿಂದ ಸುಲಿಯುತ್ತಾರೆ, ಜಜ್ಜಿ ಹಾಲಿಗೆ ಹಾಕುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆ ಎಲೆ ಊಟ. ಅವತ್ತು ಮೀನಿಲ್ಲ, ಮಾಂಸವಿಲ್ಲ. ಗಲ್ಫ್‌ನಲ್ಲಿರುವ ಮಗನಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಕಳಿಸುತ್ತಾರೆ. ಅವನ ಪಾಲು ತಪ್ಪಬಾರದು ಅಲ್ವಾ?

ನಮ್ಮ ಮನೆಯಲ್ಲಿ ಇದೇ ಪುದ್ವಾರ್, ಅಂದರೆ ತುಳುವರ ಹೊಸ ಅಕ್ಕಿ ಊಟ. ತೆನೆಯನ್ನು ಮಾವು, ಹಲಸಿನ ಎಲೆಯಲ್ಲಿ ಸುತ್ತಿ ಕಂಬಕ್ಕೆ ಕಟ್ಟುತ್ತೇವೆ. ತುತ್ತು ಬಾಯಿಗಿಡುವ ಮೊದಲು 'ಹೊಸತು ಉಣ್ಣುತ್ತೇನೆ' ಅಂತ ಹಿರಿಯರಿಗೆ ಹೇಳಿ ಕಾಲು ಮುಟ್ಟುತ್ತೇವೆ. ದೇವರು ಬೇರೆ, ಪ್ರಾರ್ಥನೆ ಬೇರೆ. ಆದರೆ ಮೊದಲ ಕಾಳು ಒಬ್ಬರೇ ತಿನ್ನುವಂತಿಲ್ಲ ಅನ್ನುವುದು ಎರಡೂ ಮನೆಯಲ್ಲಿ ಒಂದೇ. ಹೊಂದಿಕೆ ಅಂದರೆ ನನಗೆ ಇದೇ. ಭಾಷಣದಿಂದ ಬಂದದ್ದಲ್ಲ, ಗದ್ದೆಯಿಂದ ಬಂದದ್ದು.

ಈಗ ಗದ್ದೆಗಳೆಲ್ಲ ಅಡಿಕೆ ತೋಟ. ಇಗರ್ಜಿಗೂ ನಮ್ಮ ಮನೆಗೂ ಉಳಿದ ಒಂದೇ ಗದ್ದೆಯ ತೆನೆ. ಹೋದ ವರ್ಷ ಅದನ್ನು ಕೊಯ್ದು ಕೊಟ್ಟವರು ಪಶ್ಚಿಮ ಒಡಿಶಾದಿಂದ ಕೆಲಸಕ್ಕೆ ಬಂದ ಇಬ್ಬರು ಹುಡುಗರು. ತೆನೆ ಕೈಯಲ್ಲಿ ಹಿಡಿದು 'ನುವಾಖಾಯಿ' ಅಂದರು. ಅವರಲ್ಲೂ ಹೊಸ ಅಕ್ಕಿ ಹಬ್ಬ ಇದೆ, ಗಣೇಶ ಚೌತಿಯ ಮರುದಿನ. ಅದರಲ್ಲೂ ಹಿರಿಯರ ಕಾಲಿಗೆ ಬೀಳುತ್ತಾರೆ. ಆ ಸಲ ಇಬ್ಬರಿಗೂ ಊರಿಗೆ ಹೋಗಲು ಆಗಿರಲಿಲ್ಲ.

ಬಾಯಮ್ಮ ಹಬ್ಬದ ದಿನ ಎರಡು ಎಲೆ ಜಾಸ್ತಿ ಹಾಕಿದರು. ಊಟಕ್ಕೆ ಕೂರುವ ಮೊದಲು ಆ ಹುಡುಗರು ಬಾಯಮ್ಮನ ಕಾಲು ಮುಟ್ಟಿದರು.